ನಡುಛಾಯೆಯ ಹಾಳೆ

ಬಿಳಿ ಹಾಳೆಯ ಮೇಲೆ ಇದ್ದಿಲು ಹಿಡಿದವರು ನೆರಳನ್ನಷ್ಟೇ ಬರೆಯಬಲ್ಲರು. ಬೆಳಕು ಬೇಕಾದ ಕಡೆ ಹಾಳೆಯನ್ನು ಮುಟ್ಟದೆ ಬಿಡಬೇಕು. ಕಂದು ಅಥವಾ ಬೂದು ಹಾಳೆಯಲ್ಲಿ ಹಾಗಲ್ಲ. ನಡುಛಾಯೆಯನ್ನು ಕಾಗದವೇ ಕೊಟ್ಟಿರುತ್ತದೆ. ಕೆನ್ನೆಯ ಕೆಳಗಿನ ಕತ್ತಲನ್ನು ಇದ್ದಿಲಿನಿಂದ ತುಂಬಬಹುದು, ಮೂಗಿನ ತುದಿಯ ಹೊಳಪನ್ನು ಬಿಳಿ ಸೀಮೆಸುಣ್ಣದಿಂದ ಇಡಬಹುದು. ನಮ್ಮ ಜನರ ಮುಖ ಬರೆಯಲು ಕಂದು ಹಾಳೆಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮೈಬಣ್ಣದ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಇಂಥ ಹಾಳೆಗೂ ಹಳೆ ವಸ್ತುವಿನ ಮರುಬಳಕೆಗೂ ನಂಟು ಹಳೆಯದು. ವೆನಿಸ್ಸಿನ ಚಿತ್ರಕಾರರು ಮೆಚ್ಚಿ ಬಳಸಿದ ನೀಲಿ ಕಾಗದಕ್ಕೆ ಬಣ್ಣ ಬಂದದ್ದು ನೀಲಿ ಬಟ್ಟೆಯ ಚಿಂದಿಯಿಂದ. ಫ್ರಾನ್ಸಿನ ಪಿಯೇರ್ ಪಾಲ್ ಪ್ರುದೋಂ (1758–1823) ನೀಲಿ ಹಾಳೆಯ ಮೇಲೆ ಕಪ್ಪು, ಬಿಳಿ ಸೀಮೆಸುಣ್ಣಗಳಲ್ಲೇ ಮನುಷ್ಯದೇಹದ ಮೃದುತ್ವವನ್ನೆಲ್ಲ ತಂದ. ನಮ್ಮ ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಹತ್ತಿ ಬಟ್ಟೆಯ ಕತ್ತರಿಚೂರುಗಳಿಂದ ಕೈಕಾಗದ ತಯಾರಾಗುತ್ತದೆ. ಅದರ ಒರಟು ಮೈಮೇಲೆ ಇದ್ದಿಲು ಉಬ್ಬುಗಳನ್ನಷ್ಟೇ ಹಿಡಿದು, ತಗ್ಗುಗಳಲ್ಲಿ ಹಾಳೆಯ ಬಣ್ಣ ಇಣುಕುತ್ತದೆ.

ಅಂಗಡಿಯಲ್ಲಿ ಸಿಗುವ ಸ್ಕೆಚ್ ಪುಸ್ತಕಗಳ ಪೈಕಿ ಸ್ಟ್ರಾತ್‌ಮೋರ್ ಕಂಪನಿಯ ಟೋನ್ಡ್ ಟ್ಯಾನ್, ಟೋನ್ಡ್ ಗ್ರೇ ಹೆಸರಾದವು. ಚದರ ಮೀಟರಿಗೆ 118 ಗ್ರಾಂ (ಜಿಎಸ್‌ಎಂ) ತೂಕ, ಶೇ. 30ರಷ್ಟು ಬಳಸಿದ ಕಾಗದದ ನಾರು. ಹಾಳೆಯಲ್ಲಿ ಅಲ್ಲಲ್ಲಿ ಸಣ್ಣ ಎಳೆಗಳು ಕಾಣುತ್ತವೆ. ಕೆಲವರಿಗೆ ಅದು ಕಿರಿಕಿರಿ. ನನಗೆ ಅದೇ ಹಾಳೆಯ ಜೀವ.

ಆರಿಸುವಾಗ ಮೊದಲು ಕಣ್ಣು ಅರೆಮುಚ್ಚಿ ನೋಡಿ. ಹಾಳೆ ತೀರಾ ತಿಳಿಯಾಗಿದ್ದರೆ ಬಿಳಿ ಎದ್ದು ಕಾಣದು, ತೀರಾ ಕಪ್ಪಾಗಿದ್ದರೆ ಪೆನ್ಸಿಲ್ ಗೆರೆ ಮುಳುಗುತ್ತದೆ. ಆಮೇಲೆ ಬೆರಳಾಡಿಸಿ. ನುಣುಪಾದದ್ದು ಪೆನ್ಸಿಲ್ಲಿಗೆ ಸರಿ. ಇದ್ದಿಲು, ಪ್ಯಾಸ್ಟೆಲ್ ಪುಡಿ ನಿಲ್ಲಬೇಕಾದರೆ ಸ್ವಲ್ಪ ತರಿ ಬೇಕು. ನಾರು ಮತ್ತೆ ಮತ್ತೆ ತಿರುಳಾದಂತೆ ಗಿಡ್ಡವಾಗುವುದರಿಂದ ಮರುಬಳಕೆಯ ಹಾಳೆ ಉಜ್ಜಿದರೆ ಬೇಗ ಎಳೆ ಎದ್ದು ಬರುತ್ತದೆ. ಗಟ್ಟಿ ರಬ್ಬರ್ ಬಿಟ್ಟು, ಹಿಟ್ಟಿನಂತೆ ನಾದುವ ರಬ್ಬರನ್ನು ಒತ್ತಿ ಎತ್ತಿ. ಆಮ್ಲರಹಿತ ಎಂದು ಬರೆದಿದೆಯೇ ಎಂದೂ ನೋಡಿಕೊಳ್ಳಿ. ಪೊಟ್ಟಣ ಕಟ್ಟುವ ಅಗ್ಗದ ಕಂದು ಕಾಗದ ಅಭ್ಯಾಸಕ್ಕೆ ಸೊಗಸು, ಆದರೆ ಕಾಲ ಕಳೆದಂತೆ ಬಣ್ಣಗೆಟ್ಟು ಗರಿಗರಿಯಾಗುತ್ತದೆ. ಬಣ್ಣ ನಿಲ್ಲುತ್ತದೋ ಇಲ್ಲವೋ ತಿಳಿಯಲು ಒಂದು ತುಂಡಿನ ಅರ್ಧವನ್ನು ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ವಾರ ಇಟ್ಟರೆ ಸಾಕು.

ಬರೆಯುವಾಗ ಬಿಳಿಯನ್ನೂ ಇದ್ದಿಲನ್ನೂ ಬೆರೆಸಬೇಡಿ. ಬೆರೆತರೆ ಮಂಕು ಬೂದಿಬಣ್ಣ ಹುಟ್ಟಿ ಹಾಳೆಯ ಬೆಚ್ಚನೆಯ ಛಾಯೆಯನ್ನು ಕೊಲ್ಲುತ್ತದೆ. ಎರಡರ ನಡುವೆ ಬರಿ ಹಾಳೆ ಉಳಿಯಲಿ. ಪುಡಿ ಉದುರದಂತೆ ಹಿಡಿದಿಡುವ ಫಿಕ್ಸೇಟಿವ್ ಸಿಂಪಡಿಸಿದರೆ ಸೀಮೆಸುಣ್ಣದ ಬಿಳಿ ಮಾಸುತ್ತದೆ. ಆದ್ದರಿಂದ ಕತ್ತಲ ಭಾಗಗಳನ್ನು ಮುಗಿಸಿ, ಸಿಂಪಡಿಸಿ, ಒಣಗಿದ ಮೇಲೆ ಹೊಳಪುಗಳನ್ನು ಇಡಿ.