ಉಪ್ಪಿನಕಾಯಿ ಬಾಟಲಿ ವಿಮಾನ ಹತ್ತಿದಾಗ

ಸಾಗರದ ಓದುಗರೊಬ್ಬರು ಕೇಳಿರುವ ಪ್ರಶ್ನೆ ನನಗೆ ಬಹಳ ಹಿಡಿಸಿತು. ವಿದೇಶದಲ್ಲಿ ಓದುತ್ತಿರುವ ಮಗಳ ಸೂಟ್‌ಕೇಸನ್ನು ಈ ತಾಯಿಯೇ ಕೂತು ಜೋಡಿಸಿದ್ದರಂತೆ. ಬಟ್ಟೆಗಳ ನಡುವೆ ಮಿಡಿ ಉಪ್ಪಿನಕಾಯಿಯ ಗಾಜಿನ ಬಾಟಲಿ. ಮುಚ್ಚಳ ಬಿಗಿಯಾಗಿತ್ತು, ಬಾಟಲಿ ಒಡೆದಿರಲಿಲ್ಲ. ಆದರೂ ಅಲ್ಲಿ ತೆಗೆದು ನೋಡಿದರೆ ಎರಡು ಚೂಡಿದಾರ್, ಒಂದು ರೇಷ್ಮೆ ಸೀರೆ ಪೂರ್ತಿ ಎಣ್ಣೆ. ‘ಉಕ್ಕಬಾರದು ಅಂತ ಮುಕ್ಕಾಲು ಬಾಟಲಿ ಮಾತ್ರ ತುಂಬಿ, ಮೇಲೆ ಜಾಗ ಬಿಟ್ಟಿದ್ದೆ. ಆದರೂ ಹೀಗೇಕಾಯಿತು?’ ಎಂದು ಅವರ ಪ್ರಶ್ನೆ. ಮುಟ್ಟಾದವರು ಯಾರೋ ಬಾಟಲಿ ಮುಟ್ಟಿರಬೇಕು ಎಂದು ಮನೆಯ ಹಿರಿಯರೊಬ್ಬರು ತೀರ್ಪು ಕೊಟ್ಟರಂತೆ.

ಮೊದಲು ಆ ತೀರ್ಪಿನ ಮಾತು. ಉಪ್ಪಿನಕಾಯಿ ಕೆಡುವುದು ಒದ್ದೆ ಚಮಚದಿಂದ, ಕಡಿಮೆಯಾದ ಉಪ್ಪಿನಿಂದ, ಸರಿಯಾಗಿ ಒಣಗದ ಭರಣಿಯಿಂದ. ಮುಟ್ಟಿನಿಂದ ಯಾವ ಉಪ್ಪಿನಕಾಯಿಯೂ ಕೆಟ್ಟಿಲ್ಲ, ಯಾವ ಬಾಟಲಿಯೂ ಸೋರಿಲ್ಲ. ಸೊಸೆಯಂದಿರನ್ನೂ ಹೆಣ್ಣುಮಕ್ಕಳನ್ನೂ ಅಡುಗೆಮನೆಯ ಹೊರಗೆ ನಿಲ್ಲಿಸಲು ಹುಟ್ಟಿದ ಈ ಮಾತು ಈಗ ವಿಮಾನದ ಲಗೇಜಿನವರೆಗೂ ಬಂದಿದೆ ಎಂದರೆ ನಾವೆಲ್ಲ ನಾಚಿಕೊಳ್ಳಬೇಕು.

ಇನ್ನು ನಿಜವಾದ ಕಾರಣ. ಜಾಗ ಬಿಟ್ಟರೂ ಸೋರಿದ್ದಲ್ಲ, ಜಾಗ ಬಿಟ್ಟಿದ್ದರಿಂದಲೇ ಅಷ್ಟೊಂದು ಸೋರಿತು!

ವಿಮಾನದ ಹೊಟ್ಟೆಯಲ್ಲಿ, ಅಂದರೆ ನಮ್ಮ ದೊಡ್ಡ ಪೆಟ್ಟಿಗೆಗಳನ್ನಿಡುವ ಕೋಣೆಯಲ್ಲಿ, ಗಾಳಿಯೇ ಇರುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಹಾಗಿದ್ದರೆ ಸಾಕುನಾಯಿಗಳನ್ನು ಅಲ್ಲಿಟ್ಟು ಸಾಗಿಸಲು ಆಗುತ್ತಿತ್ತೆ? ಪ್ರಯಾಣಿಕರ ವಿಮಾನದಲ್ಲಿ ನಾವು ಕೂರುವ ಜಾಗಕ್ಕೂ ಕೆಳಗಿನ ಸರಕಿನ ಕೋಣೆಗೂ ಇರುವುದು ಒಂದೇ ಒತ್ತಡ. ನಡುವಿನ ನೆಲ ತೆಳ್ಳಗಿನದು, ದೊಡ್ಡ ಒತ್ತಡ ತಡೆದುಕೊಳ್ಳುವಂಥದ್ದಲ್ಲ. ಈ ಸಮತೋಲ ತಪ್ಪಿದರೆ ಏನಾಗುತ್ತದೆ ಎಂಬುದನ್ನು 1974ರ ಮಾರ್ಚ್ 3ರಂದು ಜಗತ್ತು ಕಂಡಿತು. ಪ್ಯಾರಿಸ್‌ನಿಂದ ಹೊರಟ ಟರ್ಕಿಶ್ ಏರ್‌ಲೈನ್ಸ್‌ನ ಡಿಸಿ-10 ವಿಮಾನದ ಸರಕು ಕೋಣೆಯ ಬಾಗಿಲು ಆಕಾಶದಲ್ಲಿ ಕಿತ್ತುಹೋಯಿತು. ಕೆಳಗಿನ ಗಾಳಿ ಒಮ್ಮೆಲೇ ಹೊರಗೆ ನುಗ್ಗಿತು, ಮೇಲಿನ ಗಾಳಿಯ ಭಾರಕ್ಕೆ ನೆಲ ಕುಸಿಯಿತು, ಅದರೊಳಗೆ ಹಾದುಹೋಗಿದ್ದ ನಿಯಂತ್ರಣದ ಕೇಬಲ್‌ಗಳು ತುಂಡಾದವು. ವಿಮಾನದಲ್ಲಿದ್ದ 346 ಮಂದಿಯೂ ತೀರಿಕೊಂಡರು. ಆಮೇಲೆ ವಿಮಾನಗಳ ವಿನ್ಯಾಸದ ನಿಯಮಗಳೇ ಬಿಗಿಯಾದವು.

ಹಾಗಾಗಿ ಸೂಟ್‌ಕೇಸಿನ ಸುತ್ತ ಗಾಳಿ ಇರುತ್ತದೆ, ಆದರೆ ನೆಲದ ಮೇಲಿದ್ದಷ್ಟು ಇರುವುದಿಲ್ಲ. ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು ಒತ್ತಡವನ್ನು ಒಳಗೆ ಕಾಯ್ದುಕೊಂಡರೆ ಸಾಕು ಎನ್ನುತ್ತದೆ ನಿಯಮ. ಬೋಯಿಂಗ್ 787, ಏರ್‌ಬಸ್ ಎ350ರಂಥ ಹೊಸ ವಿಮಾನಗಳಲ್ಲಿ ಇದನ್ನು ಸುಮಾರು 1,800 ಮೀಟರಿಗೆ ಇಳಿಸಿದ್ದಾರೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ, 1,930 ಮೀಟರ್. ಸಾಗರದಲ್ಲಿ ಮುಚ್ಚಿದ ಬಾಟಲಿ ಒಂದು ಹೆಜ್ಜೆಯೂ ನಡೆಯದೆ ಬೆಟ್ಟದ ತುದಿಗೆ ಹೋಗಿ ಗಂಟೆಗಟ್ಟಲೆ ಕೂತಂತಾಯಿತು.

ಇದನ್ನು ನೋಡಲು ವಿಮಾನವೇ ಬೇಕಿಲ್ಲ. ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಮುಟ್ಟುವಷ್ಟರಲ್ಲಿ ಉಬ್ಬಿ ಬಿಗಿಯಾಗುತ್ತದೆ. ಇಳಿಯುವಾಗ ಇದರ ತಿರುಗುಮುರುಗು. ಖಾಲಿಯಾದ ನೀರಿನ ಬಾಟಲಿಗೆ ಮಡಿಕೇರಿಯಲ್ಲೇ ಮುಚ್ಚಳ ಬಿಗಿದು ಮಡಿಲಲ್ಲಿ ಇಟ್ಟುಕೊಳ್ಳುವುದು ನನ್ನ ರೂಢಿ. ಸುಳ್ಯ ಬರುವ ಹೊತ್ತಿಗೆ ಅದರ ಪಕ್ಕೆಗಳು ಒಳಗೆ ಸೆಳೆದುಕೊಂಡು ಪಟಪಟ ಸದ್ದು ಮಾಡುತ್ತವೆ. ಪಕ್ಕದ ಸೀಟಿನ ಮಕ್ಕಳಿಗೆ ಇದನ್ನು ತೋರಿಸಿದರೆ ಅವರ ಕಣ್ಣು ಅರಳುವುದನ್ನು ನೋಡಬೇಕು!

ಗಾಜಿನ ಬಾಟಲಿ ಉಬ್ಬಲಾರದು. ಒಳಗೆ ಸಿಕ್ಕಿಕೊಂಡ ಊರಿನ ಗಾಳಿ ಮುಚ್ಚಳವನ್ನು ನೂಕುತ್ತದೆ. ಏಳು ಸೆಂಟಿಮೀಟರ್ ಅಗಲದ ಮುಚ್ಚಳವೆಂದುಕೊಳ್ಳಿ. ಕಡಲ ಮಟ್ಟದ ಮಂಗಳೂರಿನಲ್ಲಿ ಮುಚ್ಚಿದ್ದರೆ ಆಕಾಶದಲ್ಲಿ ಅದನ್ನು ಒಳಗಿನಿಂದ ನೂಕುವ ಬಲ ಸುಮಾರು ಹತ್ತು ಕಿಲೋ ಭಾರಕ್ಕೆ ಸಮ. ಸಾಗರದಲ್ಲಿ ಮುಚ್ಚಿದ್ದರೆ ಏಳು ಕಿಲೋ, ಇನ್ನೂ ಎತ್ತರದ ಬೆಂಗಳೂರಿನಲ್ಲಾದರೆ ಆರು ಕಿಲೋ. ಅದೇ ಉಪ್ಪಿನಕಾಯಿ, ಅದೇ ಬಾಟಲಿ, ಮುಚ್ಚಿದ ಊರಿನ ಮೇಲೆ ಸೋರುವ ಸಂಭವ ಬದಲಾಗುತ್ತದೆ! ನಮ್ಮ ಹಳೆಯ ಜಾಮ್ ಬಾಟಲಿಯ ಮುಚ್ಚಳ, ತಿರುಪಿನಲ್ಲಿ ಎಣ್ಣೆ ಮೆತ್ತಿಕೊಂಡು ಜಾರುತ್ತಿರುವಾಗ, ಇಷ್ಟು ಬಲವನ್ನು ತಡೆಯುವುದು ಕಷ್ಟ.

ಬಾಟಲಿ ನೆಟ್ಟಗೆ ನಿಂತಿದ್ದರೆ ಮೇಲಿನ ಗಾಳಿಯಷ್ಟೇ ಪುಸ್ಸೆಂದು ಹೊರಹೋಗಿ ಕಥೆ ಮುಗಿಯುತ್ತಿತ್ತು. ಆದರೆ ಸರಕು ಕೋಣೆಯಲ್ಲಿ ಪೆಟ್ಟಿಗೆಗಳನ್ನು ಮಲಗಿಸಿ ಪೇರಿಸುತ್ತಾರೆ. ಮಲಗಿದ ಬಾಟಲಿಯಲ್ಲಿ ಮುಚ್ಚಳದ ಹತ್ತಿರ ಎಣ್ಣೆ, ಅದರ ಬೆನ್ನಿಗೆ ಗಾಳಿ. ಗಾಳಿ ಹಿಗ್ಗಿದಷ್ಟೂ ಎಣ್ಣೆ ಹೊರಗೆ. ಎಂಟುನೂರು ಮಿಲಿಲೀಟರ್ ಬಾಟಲಿಯನ್ನು ಮುಕ್ಕಾಲು ತುಂಬಿದರೆ ಇನ್ನೂರು ಮಿಲಿ ಗಾಳಿ ಉಳಿಯಿತಲ್ಲ, ಅದು 2,400 ಮೀಟರ್‌ನ ಒತ್ತಡದಲ್ಲಿ ಇನ್ನೂರೈವತ್ತಾಗುತ್ತದೆ. ಅಂದರೆ ಐವತ್ತು ಮಿಲಿ ಎಣ್ಣೆಯನ್ನು ಹೊರಗೆ ದಬ್ಬುವಷ್ಟು ಶಕ್ತಿ ಅದಕ್ಕಿದೆ. ಸೀರೆ ಹಾಳಾಗಲು ಇನ್ನೇನು ಬೇಕು? ಅದೇ ಕಂಠದವರೆಗೆ ತುಂಬಿ ಇಪ್ಪತ್ತು ಮಿಲಿ ಗಾಳಿ ಮಾತ್ರ ಬಿಟ್ಟಿದ್ದರೆ? ಮುಚ್ಚಳದ ಮೇಲಿನ ಬಲ ಮೊದಲು ಅಷ್ಟೇ ಇರುತ್ತದೆ. ಆದರೆ ಐದು ಮಿಲಿ ಹೊರಬರುವಷ್ಟರಲ್ಲಿ ಒಳಗಿನ ಒತ್ತಡ ಇಳಿದು ಎಲ್ಲವೂ ಶಾಂತ. ಎಣ್ಣೆಗೆ ಒತ್ತಡ ಕಡಿಮೆಯಾದರೆ ಹಿಗ್ಗುವ ಗುಣ ಇಲ್ಲವೆಂದೇ ಹೇಳಬೇಕು. ಹಿಗ್ಗುವುದು ಗಾಳಿ ಮಾತ್ರ. ಈ ಲೆಕ್ಕ ಬಿಡಿಸಲು ಹೈಸ್ಕೂಲಿನಲ್ಲಿ ಓದುವ ಬಾಯ್ಲ್‌ನ ನಿಯಮ ಸಾಕು. 1662ರಲ್ಲಿ ಪ್ರಕಟವಾದ ನಿಯಮವೊಂದು ನಮ್ಮ ಅಪ್ಪೆಮಿಡಿಯ ಬಾಟಲಿಯಲ್ಲಿ ಚಾಚೂತಪ್ಪದೆ ಕೆಲಸ ಮಾಡುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಆದ್ದರಿಂದ ಆ ತಾಯಿಗೆ ನನ್ನ ಉತ್ತರ: ಕಂಠದವರೆಗೆ ತುಂಬಿ, ತಿರುಪನ್ನು ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಮುಚ್ಚಿ. ಬಾಟಲಿಗೆ ಹಳೆಯ ಹತ್ತಿಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದೊಳಗೆ ಇಡಿ. ಶಾಂಪೂವಿನಂಥ ಮೆತ್ತನೆಯ ಬಾಟಲಿಯಾದರೆ ಪಕ್ಕೆ ಒತ್ತಿ ಗಾಳಿ ಹೊರಹಾಕಿ, ಒತ್ತಿಕೊಂಡೇ ಮುಚ್ಚಿ.

ಆ ಬಾಟಲಿಯನ್ನು ಸೂಟ್‌ಕೇಸಿನಲ್ಲಿ ಎಲ್ಲಿಡಬೇಕು? ಸೂಟ್‌ಕೇಸನ್ನು ನಾವು ಬೀರುವಿನಂತೆ ಜೋಡಿಸುತ್ತೇವೆ, ಭಾರದ್ದು ತಳಕ್ಕೆ, ಹಗುರದ್ದು ಮೇಲಕ್ಕೆ. ಆದರೆ ಜೋಡಿಸುವಾಗಿನ ತಳ ಎಳೆಯುವಾಗ ತಳವಾಗಿರುವುದಿಲ್ಲ. ಎಳೆಯುವಾಗ ಚಕ್ರವಿರುವ ಕಡೆಯೇ ಕೆಳಗೆ. ಇಪ್ಪತ್ತು ಕಿಲೋದ ಎರಡು ಚಕ್ರದ ಪೆಟ್ಟಿಗೆ, ಚಕ್ರದಿಂದ ಹಿಡಿಕೆಯ ತುದಿಗೆ ಒಂದು ಮೀಟರ್ ಎಂದುಕೊಂಡರೆ, ಭಾರದ ಕೇಂದ್ರ ಚಕ್ರದಿಂದ 35 ಸೆಂಟಿಮೀಟರ್ ದೂರವಿದ್ದಾಗ ಕೈ ಹೊರುವುದು ಸುಮಾರು ಏಳು ಕಿಲೋ. ಅದನ್ನು 20 ಸೆಂಟಿಮೀಟರಿಗೆ ತಂದರೆ ನಾಲ್ಕೇ ಕಿಲೋ. ಆದ್ದರಿಂದ ಪುಸ್ತಕ, ಬೂಟು, ಬಾಟಲಿ ಚಕ್ರದ ಕಡೆಗಿರಲಿ. ಬಾಟಲಿ ಮಾತ್ರ ಗೋಡೆಗೆ ತಾಗದೆ ಬಟ್ಟೆಗಳ ನಡುವೆ ಇರಬೇಕು, ಏಕೆಂದರೆ ಹೆಚ್ಚು ಏಟು ಬೀಳುವುದೂ ಚಕ್ರದ ಮೂಲೆಗಳಿಗೇ.

ಪೆಟ್ಟಿಗೆಗೆ ಚಕ್ರ ಬಂದದ್ದು ಆಶ್ಚರ್ಯವಾಗುವಷ್ಟು ತಡವಾಗಿ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಪೇಟೆಂಟ್ ಪಡೆದದ್ದು 1972ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಮೂರು ವರ್ಷವಾದ ಮೇಲೆ! ಎರಡು ಚಕ್ರದ ಪೆಟ್ಟಿಗೆ ವೇಗವಾಗಿ ಎಳೆದಾಗ ಎಡಬಲಕ್ಕೆ ಓಲಾಡುತ್ತದಲ್ಲ, ಅದನ್ನು ಫ್ರಾನ್ಸಿನ ಭೌತವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಅಭ್ಯಾಸ ಮಾಡಿ 2017ರಲ್ಲಿ ಪ್ರಕಟಿಸಿದರು. ಓಲಾಟ ಶುರುವಾದಾಗ ನಾವೆಲ್ಲ ನಿಧಾನ ಮಾಡುತ್ತೇವೆ. ಇನ್ನಷ್ಟು ವೇಗವಾಗಿ ಎಳೆಯಿರಿ, ಇಲ್ಲವೇ ಹಿಡಿಕೆಯನ್ನು ನೆಲದ ಕಡೆಗೆ ತಗ್ಗಿಸಿ ಎನ್ನುತ್ತದೆ ಆ ಅಧ್ಯಯನ.

ಗಾಳಿ ಹೀರಿ ಬಟ್ಟೆಯನ್ನು ಚಪ್ಪಟೆ ಮಾಡುವ ವ್ಯಾಕ್ಯೂಮ್ ಚೀಲಗಳ ಬಗ್ಗೆಯೂ ಕೆಲವರು ಕೇಳಿದ್ದಾರೆ. ಅವು ಉಳಿಸುವುದು ಜಾಗವನ್ನು, ತೂಕವನ್ನಲ್ಲ. ಖಾಲಿಯಾದ ಜಾಗಕ್ಕೆ ಮತ್ತಷ್ಟು ತುರುಕಿದರೆ ಹಲವು ವಿಮಾನಗಳಲ್ಲಿರುವ 23 ಕಿಲೋ ಮಿತಿ ದಾಟಿ, ಕೌಂಟರಿನ ಮುಂದೆ ಪೆಟ್ಟಿಗೆ ಬಿಚ್ಚಿಕೊಂಡು ಕೂರಬೇಕಾಗುತ್ತದೆ.

ಕೊನೆಯದಾಗಿ, ಪವರ್ ಬ್ಯಾಂಕನ್ನು ದಯವಿಟ್ಟು ಈ ಪೆಟ್ಟಿಗೆಯಲ್ಲಿ ಇಡಬೇಡಿ. ಅದರ ಲಿಥಿಯಂ ಬ್ಯಾಟರಿ ಒಳಗೇ ಶಾರ್ಟ್ ಆಗಿ ಬಿಸಿಯೇರತೊಡಗಿದರೆ ಆ ಬಿಸಿಯೇ ಇನ್ನಷ್ಟು ಬಿಸಿಯನ್ನು ಹುಟ್ಟಿಸುತ್ತದೆ, ಸರಕು ಕೋಣೆಯ ಬೆಂಕಿ ಆರಿಸುವ ಅನಿಲಕ್ಕೂ ಅದು ಸುಲಭವಾಗಿ ಬಗ್ಗುವುದಿಲ್ಲ. ನಿಮ್ಮ ಕೈಚೀಲದಲ್ಲಿದ್ದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ನೀರು ಸುರಿದು ತಣಿಸಬಲ್ಲರು. ಕೆಳಗಿನ ಕೋಣೆಯಲ್ಲಿ ನೋಡುವವರೇ ಇಲ್ಲ.