ತೋಟ, ತೋಪು, ಉದ್ಯಾನ: ಅರ್ಥ ಮತ್ತು ಪ್ರಯೋಜನಗಳ ವಿವೇಚನೆ
(ಮಾದನಾಯಕನಹಳ್ಳಿ ಪರಿಸರವನ್ನು ಅನುಲಕ್ಷಿಸಿ)

ಗಿಡಮರಗಳನ್ನು ನೆಟ್ಟು ಪೋಷಿಸಿದ ನೆಲಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ತೋಟ, ತೋಪು, ಬನ, ಹಿತ್ತಲು, ಕೈತೋಟ, ಹೂದೋಟ, ಉದ್ಯಾನ ಎಂಬ ಪದಗಳು ಮೇಲುನೋಟಕ್ಕೆ ಸಮಾನಾರ್ಥಕಗಳೆಂದು ತೋರಿದರೂ ಬಳಕೆಯಲ್ಲಿ ಒಂದರ ಸ್ಥಾನವನ್ನು ಮತ್ತೊಂದು ತುಂಬಲಾರದು. ಪ್ರತಿಯೊಂದು ಪದದ ಹಿಂದೆಯೂ ಒಂದು ಪ್ರಯೋಜನವಿದೆ, ಆ ನೆಲವನ್ನು ಕಾಪಾಡುವ ಹೊಣೆ ಯಾರದೆಂಬ ತಿಳಿವಳಿಕೆಯಿದೆ. ಇಂದು ನಗರಗಳ ಅಂಚಿನಲ್ಲಿ ಈ ಎಲ್ಲ ಪದಗಳ ಜಾಗವನ್ನು 'ಪಾರ್ಕು' ಎಂಬ ಒಂದೇ ಪದ ಆಕ್ರಮಿಸುತ್ತಿದೆ. ಪದಗಳೊಡನೆ ಅವು ಸೂಚಿಸುತ್ತಿದ್ದ ಪ್ರಯೋಜನಗಳೂ ಮರೆಯಾಗುತ್ತಿವೆಯೇ ಎಂಬುದು ಪ್ರಸ್ತುತ ಲೇಖನದ ಮುಖ್ಯ ಪ್ರಶ್ನೆ. ಬೆಂಗಳೂರು–ತುಮಕೂರು ಹೆದ್ದಾರಿಯ ಮೇಲಿರುವ ಮಾದನಾಯಕನಹಳ್ಳಿ ಹಾಗೂ ಅದರ ಸುತ್ತಲ ಪ್ರದೇಶವನ್ನು ಕಣ್ಣೆದುರಿಗಿರಿಸಿಕೊಂಡು ಇದನ್ನು ಪರಿಶೀಲಿಸಬಹುದು.

ಪದಗಳು ಸೂಚಿಸುವ ಅರ್ಥ

'ಉದ್ಯಾನ' ಎಂಬ ಸಂಸ್ಕೃತ ಪದದ ಮೂಲದಲ್ಲಿರುವುದು ಹೊರಗೆ ಹೋಗುವುದು ಎಂಬ ಅರ್ಥ. ಮನೆಯಿಂದಲೋ ಅರಮನೆಯಿಂದಲೋ ಹೊರಟು ವಿಹರಿಸುವ ತಾಣವೇ ಉದ್ಯಾನ. 'ತೋಟ' ಎಂಬ ಪದದ ಹಳೆಯ ರೂಪ 'ತೋಂಟ'. ತಮಿಳಿನ 'ತೋಟ್ಟಂ', ತೆಲುಗಿನ 'ತೋಟ' ಇದರ ಸೋದರ ರೂಪಗಳು. ತೋಟವೆಂದರೆ ದುಡಿಮೆಯ ನೆಲ. ಅಡಕೆ, ತೆಂಗು, ಬಾಳೆ, ವೀಳ್ಯದೆಲೆ, ಕಾಫಿ ಎಲ್ಲವೂ ತೋಟದ ಬೆಳೆಗಳೇ. ಮೈಸೂರು ಸೀಮೆಯ ಕಂದಾಯ ವ್ಯವಸ್ಥೆಯು ಸಾಗುವಳಿ ಭೂಮಿಯನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ಮೂರು ಬಗೆಯಾಗಿ ವಿಂಗಡಿಸಿತು. ಇವುಗಳಲ್ಲಿ ಬಾಗಾಯ್ತು ಎಂಬುದು ತೋಟದ ಜಮೀನು. ಪಾರಸಿ ಮೂಲದ 'ಬಾಗ್' ಎಂಬ ಪದವೇ ಒಂದೆಡೆ ರೈತನ ಪಹಣಿಯಲ್ಲಿ ಬಾಗಾಯ್ತಾಗಿಯೂ ಮತ್ತೊಂದೆಡೆ ರಾಜಧಾನಿಯಲ್ಲಿ ಲಾಲ್‌ಬಾಗ್ ಆಗಿಯೂ ನೆಲೆಸಿರುವುದು ಗಮನಾರ್ಹ.

'ಹಿತ್ತಲು' ಮನೆಯ ಬೆನ್ನಿಗಂಟಿದ ನೆಲ. ಕರಿಬೇವು, ತುಳಸಿ, ದೊಡ್ಡಪತ್ರೆ, ನುಗ್ಗೆ, ಪಾತ್ರೆ ತೊಳೆದ ನೀರಿನಲ್ಲಿ ಬೆಳೆಯುವ ಬಾಳೆ ಇವು ಅದರ ಸಂಪತ್ತು. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯು ಕೈಗೆಟುಕುವುದನ್ನು ಕಡೆಗಣಿಸುವ ಮನೋಭಾವವನ್ನು ಹಂಗಿಸುತ್ತದೆ. ಹಿತ್ತಲಿನ ಗಿಡಗಳಲ್ಲಿ ಮದ್ದಿರುತ್ತದೆಂಬ ಅರಿವು ಇಲ್ಲದ ಸಮಾಜದಲ್ಲಿ ಇಂತಹ ಗಾದೆ ಹುಟ್ಟಲಾರದು. 'ಬನ'ವು ನಾಗಬನದಂತೆ ನಂಬಿಕೆಯ ರಕ್ಷಣೆಯಲ್ಲಿರುವ ಮರಗಳ ಗುಂಪು. 'ತೋಪು' ಬೇಲಿಯಿಲ್ಲದ, ಎಲ್ಲರಿಗೂ ತೆರೆದ ಮರಗಳ ನೆರಳು. ಹೀಗೆ ವಿಹಾರ, ದುಡಿಮೆ, ಆರೋಗ್ಯ, ಆರಾಧನೆ ಮತ್ತು ವಿಶ್ರಾಂತಿ ಎಂಬ ಐದು ಪ್ರಯೋಜನಗಳು ಬೇರೆ ಬೇರೆ ಹೆಸರುಗಳಲ್ಲಿ ಹಂಚಿಹೋಗಿವೆ.

ಶಾಸನ ಮತ್ತು ಗ್ರಂಥಗಳಲ್ಲಿ

ಕನ್ನಡದ ದಾನಶಾಸನಗಳಲ್ಲಿ ದೇವಾಲಯಕ್ಕೆ ಬಿಟ್ಟ ಗದ್ದೆ, ಬೆದ್ದಲುಗಳೊಡನೆ ಹೂದೋಂಟದ ಉಲ್ಲೇಖವೂ ಪದೇ ಪದೇ ಬರುತ್ತದೆ. ಹೊಲಗದ್ದೆಗಳನ್ನು 'ಮತ್ತರ್' ಲೆಕ್ಕದಲ್ಲಿ ಅಳೆದರೆ, ಕಿರಿದಾದ ತೋಟದ ನೆಲವನ್ನು 'ಕಮ್ಮ' ಎಂಬ ಸಣ್ಣ ಮಾನದಲ್ಲಿ ಅಳೆದಿರುವುದನ್ನು ಕಾಣಬಹುದು. ನಿತ್ಯಪೂಜೆಗೆ ಹೂ ಬೇಕು. ಹೂವಿಗೆ ತೋಟ ಬೇಕು. ತೋಟಕ್ಕೆ ನೀರೂ ಮಾಲೆಗಾರನೂ ಬೇಕು. ಆದುದರಿಂದ ತೋಟವನ್ನು ಬಿಡುವುದೆಂದರೆ ಅದನ್ನು ನೋಡಿಕೊಳ್ಳುವವರ ಬದುಕಿಗೂ ಏರ್ಪಾಡು ಮಾಡುವುದೆಂದೇ ಅರ್ಥವಾಗುತ್ತಿತ್ತು.

ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರ ಮತ್ತು ಜಲಕ್ರೀಡೆಗಳಿಗೆ ಸ್ಥಾನವಿದೆ. ಇದು ಉದ್ಯಾನದ ರಾಜವೈಭವದ ಮುಖ. ಶಾಸ್ತ್ರಗ್ರಂಥಗಳು ಇನ್ನೊಂದು ಮುಖವನ್ನು ಪರಿಚಯಿಸುತ್ತವೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ವು ಭೂಮಿಯೊಳಗಿನ ನೀರನ್ನು ಕಂಡುಹಿಡಿಯುವ ಬಗೆಯನ್ನೂ ವೃಕ್ಷಾಯುರ್ವೇದವನ್ನೂ ಕನ್ನಡದಲ್ಲಿಯೇ ನಿರೂಪಿಸಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿಯೂ ಅರಸನ ವಿನೋದಗಳೊಡನೆ ಮರಗಳ ಪೋಷಣೆಯ ವಿಚಾರ ಸೇರಿದೆ. ಗಿಡದ ಆಯುಸ್ಸಿಗೂ ಆರೋಗ್ಯಕ್ಕೂ ಒಂದು 'ಆಯುರ್ವೇದ'ವುಂಟೆಂಬ ಕಲ್ಪನೆಯೇ ತೋಟವನ್ನು ಅಲಂಕಾರದಿಂದ ಆರೈಕೆಯ ನೆಲೆಗೆ ಕೊಂಡೊಯ್ಯುತ್ತದೆ.

ಮಾದನಾಯಕನಹಳ್ಳಿಯಿಂದ ಪಶ್ಚಿಮಕ್ಕೆ, ನೆಲಮಂಗಲದ ಆಚೆ ಕುಣಿಗಲ್ ಸೀಮೆಯಲ್ಲಿ ಇದಕ್ಕೆ ಮತ್ತೊಂದು ನಿದರ್ಶನ ದೊರೆಯುತ್ತದೆ. ಎಡೆಯೂರಿನಲ್ಲಿ ಸಮಾಧಿಸ್ಥರಾದ ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟವೊಂದರಲ್ಲಿ ತಪೋನಿರತರಾಗಿದ್ದುದರಿಂದ 'ತೋಂಟದ ಸಿದ್ಧಲಿಂಗ'ರೆಂದು ಪ್ರಸಿದ್ಧರಾದರು. ತೋಟವೆಂಬ ನೆಲ ಒಬ್ಬ ಯತಿಯ ಹೆಸರಿನ ಅಂಗವಾಗಿ, ಮುಂದೆ ಒಂದು ಪರಂಪರೆಯ ಹೆಸರೂ ಆಯಿತು. ಏಕಾಂತ ಮತ್ತು ಸಾಧನೆಗಳೂ ತೋಟದ ಪ್ರಯೋಜನಗಳಲ್ಲಿ ಸೇರುತ್ತವೆ.

ಲಾಲ್‌ಬಾಗಿನಲ್ಲಿ ಬದಲಾದ ಉದ್ದೇಶಗಳು

ಒಂದೇ ತೋಟದ ಉದ್ದೇಶವು ಕಾಲಾನುಕ್ರಮದಲ್ಲಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಲಾಲ್‌ಬಾಗ್ ಉತ್ತಮ ಉದಾಹರಣೆ. ಹೈದರಾಲಿಯು 1760ರಲ್ಲಿ ಇದನ್ನು ಪ್ರಾರಂಭಿಸಿದನು. ತುಮಕೂರು ರಸ್ತೆಯಲ್ಲಿಯೇ ಮುಂದೆ ಸಿಗುವ ಶಿರಾದಲ್ಲಿದ್ದ ಮೊಗಲ್ ಶೈಲಿಯ ತೋಟವು ಇದಕ್ಕೆ ಪ್ರೇರಣೆಯೆಂದು ಹೇಳಲಾಗುತ್ತದೆ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್, ಸೈಪ್ರಸ್ ಮರಗಳ ಸಾಲಿನ ನಡುವೆ ಚೌಕವಾದ ಮಡಿಗಳಿದ್ದುದನ್ನೂ, ಒಂದೊಂದು ಜಾತಿಯ ಗಿಡಕ್ಕೆ ಒಂದೊಂದು ಮಡಿ ಮೀಸಲಾಗಿದ್ದುದನ್ನೂ ದಾಖಲಿಸಿದ್ದಾನೆ. ಗುಲಾಬಿಗೆ ಒಂದು ಮಡಿಯಿದ್ದರೆ ದಾಳಿಂಬೆಗೆ ಇನ್ನೊಂದು. ಅರಮನೆಯ ತೋಟದಲ್ಲಿಯೂ ಹಣ್ಣು, ಸೊಪ್ಪು, ತರಕಾರಿಗಳಿಗೆ ಎಡೆಯಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ದೂರದೇಶಗಳ ಸಸ್ಯಗಳನ್ನು ಈ ನೆಲಕ್ಕೆ ಒಗ್ಗಿಸುವುದು ಅದರ ಪ್ರಮುಖ ಕಾರ್ಯವಾಯಿತು. 1874ರಿಂದ 1908ರವರೆಗೆ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನನ ಕಾಲದಲ್ಲಿ ಬಂದ ಸೀಮೆಬದನೆ ಇಂದು ಬೆಂಗಳೂರಿನ ಮನೆಮನೆಯ ಹುಳಿ, ಕೂಟುಗಳಲ್ಲಿ ಬೆರೆತುಹೋಗಿದೆ. ಆತನ ನಂತರ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ವರ್ಷದ ಬೇರೆ ಬೇರೆ ತಿಂಗಳಲ್ಲಿ ಹೂ ಬಿಡುವ ಮರಗಳನ್ನು ಆರಿಸಿ ರಸ್ತೆಗಳ ಇಕ್ಕೆಲಗಳಲ್ಲಿ ನೆಡಿಸಿ, ಉದ್ಯಾನವನ್ನು ಗೋಡೆಯ ಹೊರಗೂ ವಿಸ್ತರಿಸಿದನು. ಮುಂದೆ ಡಾ. ಎಂ.ಎಚ್. ಮರಿಗೌಡರ ಕಾಲದಲ್ಲಿ ಲಾಲ್‌ಬಾಗ್ ರಾಜ್ಯದ ತೋಟಗಾರಿಕೆಯ ಕೇಂದ್ರವಾಯಿತು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆಯೇ ಇಂದಿನ ಹಾಪ್‌ಕಾಮ್ಸ್. ಅರಸನ ವಿಹಾರ, ಸಸ್ಯವಿಜ್ಞಾನ, ನಗರದ ಸೌಂದರ್ಯ, ರೈತನ ಮಾರುಕಟ್ಟೆ ಹೀಗೆ ಉದ್ದೇಶಗಳು ಒಂದರ ಮೇಲೊಂದು ಪದರಗಟ್ಟಿದವು. ಹಿಂದಿನದು ಪೂರ್ಣವಾಗಿ ಅಳಿಯಲಿಲ್ಲ. ರಾಜ್ಯವು 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಅಧಿನಿಯಮದ ಮೂಲಕ ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನಗಳಿಗೆ ಶಾಸನದ ಬಲವನ್ನೂ ನೀಡಿತು.

ಗುಂಡುತೋಪು: ಊರಿನ ಉದ್ಯಾನ

ಲಾಲ್‌ಬಾಗಿಗೆ ಅರಸನಿದ್ದನು, ಇಲಾಖೆಯಿದೆ, ಕಾನೂನಿದೆ. ಹಳ್ಳಿಗಳ ಉದ್ಯಾನಕ್ಕೆ ಇದ್ದುದು ಊರು ಮಾತ್ರ. ಹಳೆಯ ಮೈಸೂರು ಪ್ರಾಂತದ ಬಯಲುಸೀಮೆಯಲ್ಲಿ ಊರಿನ ಅಂಚಿಗೆ, ಅನೇಕವೇಳೆ ಕೆರೆಯ ಸನಿಹದಲ್ಲಿ, ಮಾವು, ಹುಣಿಸೆ, ನೇರಳೆ, ಹಲಸು, ಹಿಪ್ಪೆ, ಹೊಂಗೆ ಮರಗಳ ಗುಂಡುತೋಪನ್ನು ಬೆಳೆಸುವುದು ವಾಡಿಕೆಯಾಗಿತ್ತು. ಕಂದಾಯ ದಾಖಲೆಗಳಲ್ಲಿಯೂ ಇದು ಇದೇ ಹೆಸರಿನಿಂದ ನಮೂದಾಗಿದೆ. ದಾರಿಹೋಕರು, ಗಾಡಿಯವರು ಇಲ್ಲಿ ತಂಗುತ್ತಿದ್ದರು. ದನಕರುಗಳು ಮಧ್ಯಾಹ್ನದ ಬಿಸಿಲನ್ನು ಇಲ್ಲಿ ಕಳೆಯುತ್ತಿದ್ದವು. ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರ, ಬೀಜದ ಎಣ್ಣೆ ದೀಪಕ್ಕೆ. ಉದುರಿದ ಕಡ್ಡಿ ಬಡವರ ಒಲೆಗೆ. ಮಾವು, ಹುಣಿಸೆಗಳ ಫಸಲನ್ನು ಹರಾಜು ಮಾಡಿದಾಗ ಬಂದ ಹಣ ಸಾರ್ವಜನಿಕ ಬೊಕ್ಕಸಕ್ಕೆ ಸೇರುತ್ತಿತ್ತು. ಜಾತ್ರೆ, ಪಂಚಾಯಿತಿ, ಮಕ್ಕಳ ಮರಕೋತಿ ಆಟ ಎಲ್ಲಕ್ಕೂ ಅದೇ ಅಂಗಳ.

ಹೂವಿನ ಮಡಿ, ಹುಲ್ಲುಹಾಸು, ಕಾರಂಜಿಗಳಿಲ್ಲದಿದ್ದರೂ ಗುಂಡುತೋಪು ಮೇಲೆ ಹೇಳಿದ ಐದು ಪ್ರಯೋಜನಗಳಲ್ಲಿ ಬಹುಪಾಲನ್ನು ಒಟ್ಟಿಗೆ ಪೂರೈಸುತ್ತಿತ್ತು. ನೆಟ್ಟವನು ಅದರ ಪೂರ್ಣ ಫಲವನ್ನು ಉಣ್ಣುವುದಿಲ್ಲ, ಉಣ್ಣುವವನು ನೆಟ್ಟವನನ್ನು ಕಂಡಿರುವುದಿಲ್ಲ. ತಲೆಮಾರುಗಳ ನಡುವಿನ ಈ ಕೊಡುಕೊಳೆಯೇ ತೋಪಿನ ನಿಜವಾದ ಬೇಲಿ. ಇದೇ ಸೀಮೆಯ ಮಾಗಡಿ ತಾಲ್ಲೂಕಿನಲ್ಲಿ ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಕೊಡಗಳಲ್ಲಿ ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನವರ ಕಾರ್ಯವನ್ನು ಈ ಪರಂಪರೆಯ ಬೆಳಕಿನಲ್ಲಿ ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಮಾದನಾಯಕನಹಳ್ಳಿಯ ಸಂದರ್ಭ

ಬೆಂಗಳೂರು ಉತ್ತರ ತಾಲ್ಲೂಕು ದಾಸನಪುರ ಹೋಬಳಿಗೆ ಸೇರಿದ ಮಾದನಾಯಕನಹಳ್ಳಿಯು ಅರ್ಕಾವತಿ ನದಿಯ ಜಲಾನಯನ ಪ್ರದೇಶದಲ್ಲಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಈ ನದಿಗೆ ಹೆಸರಘಟ್ಟದಲ್ಲಿ 1894ರಲ್ಲಿಯೂ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿಯೂ ಜಲಾಶಯಗಳಾದವು. ಬೆಂಗಳೂರು ಬಹುಕಾಲ ಈ ನೀರನ್ನು ಕುಡಿದು ಬೆಳೆಯಿತು. ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತನ್ನ ತಳಿಗಳಿಗೆ 'ಅರ್ಕಾ' ಎಂಬ ಪೂರ್ವಪದವನ್ನು ಇಟ್ಟಿರುವುದೂ ಈ ನದಿಯ ಹೆಸರಿನಿಂದಲೇ. ದೇಶದ ತೋಟಗಳಿಗೆ ತಳಿಗಳನ್ನು ನೀಡಿದ ನೆಲ ಇದೆಂಬುದು ಸ್ಮರಣೀಯ.

1970ರ ದಶಕದಿಂದ ಪೀಣ್ಯ ಕೈಗಾರಿಕಾ ಪ್ರದೇಶ ವಿಸ್ತರಿಸುತ್ತ ಬಂದಂತೆ ಹೆದ್ದಾರಿಯ ಇಕ್ಕೆಲಗಳಲ್ಲಿ ಕಾರ್ಖಾನೆ, ಗೋದಾಮು, ಬಡಾವಣೆಗಳು ಎದ್ದವು. 2024ರ ನವೆಂಬರಿನಲ್ಲಿ ಮೆಟ್ರೊ ರೈಲು ನೆರೆಯ ಮಾದಾವರದವರೆಗೆ ಬಂದಿತು. ಗ್ರಾಮ ಪಂಚಾಯಿತಿಯಾಗಿದ್ದ ಮಾದನಾಯಕನಹಳ್ಳಿ ನಗರಸಭೆಯಾಗಿ ಮಾರ್ಪಟ್ಟಿತು. ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನವನ್ನು ಉಳಿಸಲು ಸರ್ಕಾರವು 2003ರ ನವೆಂಬರಿನಲ್ಲಿ ಕಟ್ಟಡ ಮತ್ತು ಕೈಗಾರಿಕೆಗಳ ಮೇಲೆ ನಿರ್ಬಂಧಗಳನ್ನು ವಿಧಿಸಿತ್ತು. 2019ರಲ್ಲಿ ಅವುಗಳನ್ನು ಸಡಿಲಿಸಲಾಯಿತು.

ಈ ಬದಲಾವಣೆಯಲ್ಲಿ ತೋಟ, ತೋಪು, ಹಿತ್ತಲುಗಳ ಪಾಡೇನು? ಬಾಗಾಯ್ತು ಜಮೀನು ನಿವೇಶನವಾಗುತ್ತದೆ. ನಿವೇಶನದ ಅಳತೆಯಲ್ಲಿ ಹಿತ್ತಲಿಗೆ ಎಡೆಯಿರುವುದಿಲ್ಲ. ಬೇಲಿಯಿಲ್ಲದ, ವಾರಸುದಾರನ ಹೆಸರಿಲ್ಲದ ಗುಂಡುತೋಪು ನಗರ ಯೋಜಕನ ಕಣ್ಣಿಗೆ 'ಖಾಲಿ ಜಾಗ'ವಾಗಿ ಕಾಣುತ್ತದೆ. ಶಾಲೆ, ಬಸ್ ನಿಲ್ದಾಣ, ಕಚೇರಿ ಮುಂತಾದ ಅಗತ್ಯಗಳಿಗೆ ಮೊದಲು ನೆನಪಾಗುವುದೂ ಅದೇ. ಇದಕ್ಕೆ ಬದಲಾಗಿ ಬಡಾವಣೆಯ ನಕ್ಷೆಯಲ್ಲಿ ಪಾರ್ಕು ಬರುತ್ತದೆ. ಅದಕ್ಕೆ ಕಬ್ಬಿಣದ ಬೇಲಿ, ಬೆಳಗ್ಗೆ ಮತ್ತು ಸಂಜೆ ತೆರೆಯುವ ವೇಳೆ, ನಡಿಗೆಯ ಪಥ ಇರುತ್ತವೆ. ನಡೆಯುವವರಿಗೆ ಇದು ಉಪಕಾರಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ರಾತ್ರಿ ಪಾಳಿ ಮುಗಿಸಿ ಬಂದು ಒಂಟಿ ಕೊಠಡಿಯ ತಗಡಿನ ಮಾಡಿನ ಕೆಳಗೆ ಹಗಲು ನಿದ್ದೆ ಮಾಡಲಾಗದ ಕಾರ್ಮಿಕನಿಗೆ, ಲಾರಿ ನಿಲ್ಲಿಸಿ ಬುತ್ತಿ ಬಿಚ್ಚಬೇಕಾದ ಚಾಲಕನಿಗೆ, ಕುರಿ ಮೇಯಿಸುವ ಹಿರಿಯನಿಗೆ ಮಧ್ಯಾಹ್ನ ಮುಚ್ಚಿದ ಗೇಟಿನ ಹಿಂದಿರುವ ನೆರಳಿನಿಂದ ಪ್ರಯೋಜನವಿಲ್ಲ. ತೋಪು ಯಾರನ್ನು ಮುಖ್ಯವಾಗಿ ಸಲಹುತ್ತಿತ್ತೋ ಅವರೇ ಪಾರ್ಕಿನ ಹೊರಗುಳಿಯುತ್ತಾರೆ.

ನೆರಳಿನ ಬೆಲೆಯನ್ನು ವಿಜ್ಞಾನವೂ ಅಳೆದು ತೋರಿಸಿದೆ. ಬೆಂಗಳೂರಿನ ರಸ್ತೆಮರಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಂಬರಿನ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೆ ಕಡಿಮೆಯಿತ್ತು. ಕೈಗಾರಿಕಾ ವಲಯಕ್ಕೆ ಹುಲ್ಲುಹಾಸಿಗಿಂತ ಹರಡಿದ ಕೊಂಬೆಯ ಮರವೇ ಹೆಚ್ಚು ಅಗತ್ಯವೆಂಬುದನ್ನು ಈ ಅಂಕಿಗಳು ಸೂಚಿಸುತ್ತವೆ.

ಕಾನೂನಿನ ದೃಷ್ಟಿ

ಉದ್ಯಾನಕ್ಕೆ ಮೀಸಲಾದ ನೆಲವು ಖಾಲಿ ನೆಲವಲ್ಲ ಎಂಬ ತತ್ತ್ವವನ್ನು ಬೆಂಗಳೂರಿನದೇ ಪ್ರಕರಣವೊಂದು ದೃಢಪಡಿಸಿದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ನೀಡಿದುದನ್ನು ನಿವಾಸಿಗಳು ಪ್ರಶ್ನಿಸಿದಾಗ, ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಣ ಪ್ರಕರಣದಲ್ಲಿ ನಿವಾಸಿಗಳ ಪರವಾಗಿ ತೀರ್ಪು ನೀಡಿತು. ಆಸ್ಪತ್ರೆಯೂ ಜನೋಪಯೋಗಿಯೇ ಆದರೂ ಅದಕ್ಕಾಗಿ ಉದ್ಯಾನದ ಜಾಗವನ್ನು ಬಿಟ್ಟುಕೊಡಲಾಗದೆಂಬುದು ಇದರ ಸಾರ. ಇದಕ್ಕೂ ಮೊದಲೇ ರಾಜ್ಯವು 1985ರಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ ಪ್ರತ್ಯೇಕ ಅಧಿನಿಯಮವನ್ನು ರೂಪಿಸಿತ್ತು. ಗ್ರಾಮಗಳ ಸಾಮೂಹಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು. ಆದರೆ ಈ ರಕ್ಷಣೆಗಳು ಕೆಲಸಕ್ಕೆ ಬರಬೇಕಾದರೆ, ಹಳ್ಳಿಯೊಂದು ಪಟ್ಟಣವಾಗುವ ವೇಳೆಯಲ್ಲಿ ಅದರ ತೋಪು ತೋಪಾಗಿಯೇ ಹೊಸ ನಕ್ಷೆಗೆ ದಾಖಲಾಗಬೇಕು. ಹೆಸರು ಬಿಟ್ಟುಹೋದ ನೆಲವನ್ನು ರಕ್ಷಿಸುವುದು ಕಷ್ಟ.

ಸಮಾರೋಪ

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಉದ್ಯಾನದ ಅರ್ಥವು ಅದರ ವಿಸ್ತೀರ್ಣದಲ್ಲಾಗಲಿ ಸಸ್ಯಗಳ ಪಟ್ಟಿಯಲ್ಲಾಗಲಿ ಮುಗಿಯುವುದಿಲ್ಲ. ಅದನ್ನು ಯಾರು ಆರೈಕೆ ಮಾಡುತ್ತಾರೆ, ಅದರ ನೆರಳಿಗೆ ಯಾರು ಬರಬಹುದು ಎಂಬ ಎರಡು ಪ್ರಶ್ನೆಗಳ ಉತ್ತರದಲ್ಲಿ ಅದು ಅಡಗಿದೆ. ಶಾಸನಗಳ ಹೂದೋಂಟಕ್ಕೆ ಮಾಲೆಗಾರನಿದ್ದನು, ಗುಂಡುತೋಪಿಗೆ ಊರಿತ್ತು, ಲಾಲ್‌ಬಾಗಿಗೆ ಇಲಾಖೆಯಿದೆ. ಮಾದನಾಯಕನಹಳ್ಳಿಯಂತಹ ಊರುಗಳಲ್ಲಿ ಹಳೆಯ ಪೋಷಕನು ಹಿಂದೆ ಸರಿದು, ಹೊಸ ಪೋಷಕನು ಇನ್ನೂ ಸಿದ್ಧನಾಗಿಲ್ಲ.

ಉಳಿದಿರುವ ತೋಪುಗಳನ್ನು ಸರ್ವೆ ನಂಬರಿನೊಡನೆ ಗುರುತಿಸುವುದು, ಅವುಗಳ ಮರಗಳನ್ನೂ ಬಳಕೆಯ ರೂಢಿಗಳನ್ನೂ ಹಿರಿಯರ ಬಾಯಿಂದ ದಾಖಲಿಸುವುದು, ಹೊಸ ಉದ್ಯಾನಗಳಲ್ಲಿ ಮಾವು, ನೇರಳೆ, ಹೊಂಗೆಗಳಿಗೂ ಹಗಲಿಡೀ ತೆರೆದ ಬಾಗಿಲಿಗೂ ಅವಕಾಶ ಮಾಡುವುದು ದುಬಾರಿಯಾದ ಕಾರ್ಯಗಳೇನೂ ಅಲ್ಲ. ದಾಸನಪುರ ಹೋಬಳಿಯ ಗ್ರಾಮಗಳ ಕಂದಾಯ ದಾಖಲೆಗಳನ್ನು ಈ ದೃಷ್ಟಿಯಿಂದ ಅಭ್ಯಸಿಸುವುದು ಸಂಶೋಧಕರ ಮುಂದಿರುವ ತುರ್ತಿನ ಕೆಲಸ. ಒಂದು ಹುಣಿಸೆಯ ಮರ ತೋಪಿನ ಮರವಾಗಲು ಎರಡು ತಲೆಮಾರು ಬೇಕಾಗುತ್ತದೆ; ಅದರ ಹೆಸರು ದಾಖಲೆಯಿಂದ ಅಳಿಯಲು ಒಂದು ನಕ್ಷೆ ಸಾಕು.