ಕಾಕಾನ ಕೈಯ ಎರಡು ಚಿತ್ರ

ಕಳೆದ ಚಳಿಗಾಲದಲ್ಲಿ ಸುರಪುರದಿಂದ ಕಾಕಾ ಫೋನ್ ಮಾಡಿ, "ತಮ್ಮಾ, ಬೆರಳು ಐಸ್ ಆದಂಗ ಆಗ್ಯಾವು ನೋಡು" ಅಂದರು. ವಯಸ್ಸು 44. ಬಲಗೈ ತೋರುಬೆರಳಿನ ತುದಿ ಆಗಲೇ ಕಪ್ಪಾಗಿತ್ತು. ಶಹಾಪುರದ ಹೊಲದಲ್ಲಿ ಹತ್ತಿ ಬಿಡಿಸುವಾಗ ಏನೋ ಚುಚ್ಚಿರಬೇಕು ಅಂತ ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡಿದ್ದರಂತೆ.

ಯಾದಗಿರಿಯ ಡಾಕ್ಟರು ನಾಡಿ ಹಿಡಿದು ಮೊದಲು ಕೇಳಿದ್ದು, "ದಿನಕ್ಕ ಎಷ್ಟು ಬೀಡಿ?" ಕಾಕಾ ನನ್ನ ಮುಖ ನೋಡಿದರು. ಎರಡು ಕಟ್ಟು.

ಕಲಬುರಗಿಯಲ್ಲಿ ಕೈಯ ಆಂಜಿಯೋಗ್ರಾಮ್ ಆಯ್ತು. ಮೊದಲ ಚಿತ್ರದಲ್ಲಿ ರಕ್ತನಾಳಗಳು ಅಂಗೈವರೆಗೆ ಬಂದು ನಿಂತುಬಿಟ್ಟಿದ್ದವು. ಬೆರಳುಗಳು ಖಾಲಿ. ಐದೂ ಹೋದವಾ ಅಂತ ನನ್ನ ಎದೆ ಧಸಕ್ಕೆಂದಿತು.

ಆದರೆ ಕೈಯ ನಾಳಗಳು ಭಾರಿ ಅಂಜುಬುರುಕ. ಎಸಿ ಕೋಣೆಯ ತಂಪು, ಭಯ, ಒಳಗೆ ತೂರಿಸಿದ ಕ್ಯಾಥೆಟರ್, ಡೈ, ಯಾವುದಕ್ಕಾದರೂ ಮುದುಡಿಕೊಳ್ಳುತ್ತವೆ. ಮುದುಡಿದ ನಾಳ, ಪೂರ್ತಿ ಕಟ್ಟಿಕೊಂಡ ನಾಳ, ಎರಡೂ ಚಿತ್ರದಲ್ಲಿ ಒಂದೇ ಥರ ಕಾಣುತ್ತವೆ. ಅದಕ್ಕೇ ಕೈಯನ್ನು ಬೆಚ್ಚಗೆ ಮಾಡಿ, ಅದೇ ಕ್ಯಾಥೆಟರ್ ಮೂಲಕ ನಾಳ ಹಿಗ್ಗಿಸುವ ಔಷಧ ಬಿಟ್ಟು ಮತ್ತೊಮ್ಮೆ ಚಿತ್ರ ತೆಗೆಯುತ್ತಾರೆ. ಕಾಕಾಗೆ ಕೊಟ್ಟಿದ್ದು ಮೈಕ್ರೋಗ್ರಾಂ ಲೆಕ್ಕದ ನೈಟ್ರೋಗ್ಲಿಸರಿನ್. ಹೌದು, ಡೈನಮೈಟಿನಲ್ಲಿ ಇರೋದೂ ಅದೇ. ಡೈನಮೈಟ್ ಕಂಡುಹಿಡಿದ ನೊಬೆಲ್‌ಗೇ ಕೊನೆಗಾಲದಲ್ಲಿ ಹೃದಯಕ್ಕೆಂದು ಅದನ್ನು ಬರೆದುಕೊಟ್ಟಿದ್ದರು.

ಕೊಡುವ ಮುಂಚೆ ನರ್ಸ್ ನನ್ನನ್ನು ಹೊರಗೆ ಕಳಿಸಿದ್ದರು. ಯಾಕೆ ಅಂತ ಆಮೇಲೆ ಗೊತ್ತಾಯ್ತು. ವಯಾಗ್ರಾ ಥರದ ಮಾತ್ರೆ ತಗೊಂಡವರಿಗೆ ಈ ಔಷಧ ಕೊಟ್ಟರೆ ಬಿಪಿ ಪಾತಾಳಕ್ಕೆ ಇಳಿಯಬಹುದು. ಮಗನಂಥ ಹುಡುಗನ ಮುಂದೆ ಆ ಪ್ರಶ್ನೆಗೆ ಯಾರು ನಿಜ ಹೇಳ್ತಾರೆ? ನಿಮ್ಮ ಮನೆಯ ಹಿರಿಯರ ಜೊತೆ ಹೋದರೆ ಆ ಐದು ನಿಮಿಷ ಹೊರಗೆ ನಿಲ್ಲಿ.

ಎರಡನೇ ಚಿತ್ರದಲ್ಲಿ ನಾಲ್ಕು ಬೆರಳಿಗೆ ತುದಿವರೆಗೂ ರಕ್ತ ಹರಿದಿತ್ತು. ಅಲ್ಲಿ ಆಗಿದ್ದು ಬರೀ ಸೆಳೆತ. ತೋರುಬೆರಳಿನ ನಾಳ ಮಾತ್ರ ನಡುವೆಯೇ ತುಂಡಾಗಿ, ಸುತ್ತ ಸಣ್ಣ ಸಣ್ಣ ಸುರುಳಿಗಳು. ಬರ್ಗರ್ ಕಾಯಿಲೆ ಅಂದರು. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರಿಸಿದ್ದು, ತಂಬಾಕು ಸೇವಿಸುವವರಿಗೇ ಹೆಚ್ಚಾಗಿ ಬರುವಂಥದ್ದು. "ಬೀಡಿ ಬಿಟ್ರ ಉಳಿದ ಬೆರಳು ಉಳೀತಾವ. ಬಿಡಲಿಲ್ಲಂದ್ರ ಒಂದೊಂದಾಗಿ ತೆಗೀಬೇಕಾಗ್ತದ" ಅಂದರು ಡಾಕ್ಟರು, ಮುಲಾಜಿಲ್ಲದೆ.

ತೋರುಬೆರಳಿನ ತುದಿ ತೆಗೆದರು. ಕಾಕಾ ಬೀಡಿ ಬಿಟ್ಟು ಆರು ತಿಂಗಳಾಯ್ತು. ಅಂಗಿ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಮಾತ್ರ ಇನ್ನೂ ಇದೆ. ಯಾಕೆ ಅಂತ ನಾನು ಕೇಳಿಲ್ಲ.